ಬರೆಯ ಬುಡದಲ್ಲಿ, ಧರೆಯ ಅಂಚಿನಲ್ಲಿ ಕಾರು ಶೆಡ್ಡು

ಈ ಬಾರಿ ಆಯ್ದುಕೊಂಡಿರುವ ನಾಲ್ಕು ಪತ್ರಗಳೂ ಗುಡ್ಡದ ಊರುಗಳಿಂದ ಬಂದವು ಮತ್ತು ನಾಲ್ಕರ ವಿಷಯವೂ ಒಂದೇ. ಗ್ಯಾರೇಜ್ ಎಂದರೆ ನಮ್ಮಲ್ಲಿ ವಾಹನ ರಿಪೇರಿಯ ಅಂಗಡಿ ಎಂಬ ಅರ್ಥವೇ ಹೆಚ್ಚು ಬಳಕೆಯಲ್ಲಿರುವುದರಿಂದ, ಮನೆಯ ಕಾರು ನಿಲ್ಲಿಸುವ ಕಟ್ಟಡವನ್ನು ಓದುಗರು ಬರೆದಂತೆಯೇ ಶೆಡ್ಡು ಎಂದು ಕರೆದಿದ್ದೇನೆ. ಬರೆ ಎಂದರೆ ಗುಡ್ಡ ಕಡಿದಾಗ ನೆಟ್ಟಗೆ ನಿಲ್ಲುವ ಮಣ್ಣಿನ ಮೈ, ಧರೆ ಎಂದರೆ ಕೆಳಕ್ಕೆ ಇಳಿಯುವ ಇಳಿಜಾರಿನ ದಂಡೆ.

ಪ್ರಶ್ನೆ: ಮಡಿಕೇರಿ ಸಮೀಪದ ಗ್ರಾಮದಲ್ಲಿ ನಮ್ಮ ಮನೆಯಿದೆ. ಹಿಂದೆ ತಂದೆಯವರು ಗುಡ್ಡ ಕಡಿದು ಮನೆ ಕಟ್ಟಿಸಿದ್ದರಿಂದ ಪಕ್ಕದಲ್ಲಿ ಸುಮಾರು 14 ಅಡಿ ಎತ್ತರದ ಬರೆ ಇದೆ. ಅದನ್ನು ಇನ್ನೂ 12 ಅಡಿ ಒಳಕ್ಕೆ ಕಡಿದು, 20 ಅಡಿ ಉದ್ದದ ಕಾರು ಶೆಡ್ಡು ಕಟ್ಟಬೇಕೆಂದಿದ್ದೇವೆ. ಹಿಟಾಚಿ ತಂದರೆ ಎರಡು ದಿನದ ಕೆಲಸ, ಬಳಿಕ ಒಂದೂವರೆ ಅಡಿ ದಪ್ಪದ ಸೈಜುಕಲ್ಲಿನ ಗೋಡೆಯನ್ನು 10 ಅಡಿ ಎತ್ತರಕ್ಕೆ ಕಟ್ಟಿದರೆ ಸಾಕು ಎಂದು ಗುತ್ತಿಗೆದಾರರು ಹೇಳುತ್ತಾರೆ. ಬರೆಯ ಮೇಲೆ ನೆರೆಯವರ ಕಾಫಿ ತೋಟವಿದೆ. ಇದು ಸುರಕ್ಷಿತವೇ?

ಉತ್ತರ: ಪತ್ರದಲ್ಲಿ ವಿವರಿಸಿರುವ ರೀತಿಯಲ್ಲಿ ಮಾಡಿದರೆ ಸುರಕ್ಷಿತವಲ್ಲ. ದಯವಿಟ್ಟು ಹಿಟಾಚಿಯನ್ನು ಕರೆಸುವ ಮೊದಲು ಈ ಉತ್ತರವನ್ನು ಮನೆಯವರೆಲ್ಲರೂ ಕುಳಿತು ಓದಿ.

ಮೊದಲಿಗೆ ಒಂದು ಸರಳ ಲೆಕ್ಕ. ನೀವು ಕಳುಹಿಸಿರುವ ನಕ್ಷೆಯಂತೆ ಬರೆಯ ಮೇಲಿನ ತೋಟವು ಸುಮಾರು 30 ಡಿಗ್ರಿ ಓರೆಯಾಗಿದೆ. ಅಂಥ ಗುಡ್ಡವನ್ನು 12 ಅಡಿ ಒಳಕ್ಕೆ ಕಡಿದಾಗ ಬರೆ ಹಿಂದಕ್ಕೆ ಸರಿಯುವುದಷ್ಟೇ ಅಲ್ಲ, ಮೇಲಕ್ಕೂ ಬೆಳೆಯುತ್ತದೆ. ಇಂದು 14 ಅಡಿ ಇರುವುದು ಸುಮಾರು 21 ಅಡಿಯಾಗುತ್ತದೆ. ಮಣ್ಣಿನ ತಳ್ಳುವ ಬಲವು ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಎತ್ತರ ಒಂದೂವರೆ ಪಟ್ಟಾದಾಗ ಬಲವು ಎರಡೂಕಾಲು ಪಟ್ಟಾಗುತ್ತದೆ. ಇದರ ಎದುರಿಗೆ ಗುತ್ತಿಗೆದಾರರು ಸೂಚಿಸಿರುವುದು 10 ಅಡಿಯ ಗೋಡೆ, ಅಂದರೆ ಅದರ ಮೇಲೆ ಯಾವ ಆಧಾರವೂ ಇಲ್ಲದ 11 ಅಡಿ ಹಸಿ ಮಣ್ಣು ನೆಟ್ಟಗೆ ನಿಂತಿರುತ್ತದೆ.

ಇನ್ನು ಗೋಡೆಯ ವಿಷಯ. ತನ್ನ ಭಾರದಿಂದಲೇ ಮಣ್ಣನ್ನು ತಡೆಯಬೇಕಾದ ಕಲ್ಲಿನ ಗೋಡೆಗೆ ಬುಡದಲ್ಲಿ ಎತ್ತರದ ಅರ್ಧದಷ್ಟಾದರೂ, ಕೆಲವೊಮ್ಮೆ ಮೂರನೇ ಎರಡು ಭಾಗದಷ್ಟು ಅಗಲ ಬೇಕಾಗುತ್ತದೆ. 10 ಅಡಿ ಎತ್ತರಕ್ಕೆ 5ರಿಂದ 7 ಅಡಿ ಅಗಲದ ಬುಡ ಎಂದಾಯಿತು. ಒಂದೂವರೆ ಅಡಿ ದಪ್ಪದ ಗೋಡೆಯು ಕಾಂಪೌಂಡಿಗೆ ಸಾಕಾಗಬಹುದೇ ಹೊರತು ಅದು ತಡೆಗೋಡೆಯಲ್ಲ. ಅದನ್ನು ನಂಬಿ ಅದರ ಬುಡದಲ್ಲಿ ವಾಹನವನ್ನಾಗಲಿ ಮನುಷ್ಯರನ್ನಾಗಲಿ ಇರಿಸಬಾರದು. ಗುಡ್ಡಗಾಡಿನ ತಡೆಗೋಡೆಗಳ ಆಯ್ಕೆ, ವಿನ್ಯಾಸ ಮತ್ತು ನಿರ್ಮಾಣಕ್ಕೆಂದೇ ಭಾರತೀಯ ಮಾನಕ ಬ್ಯೂರೋ ಐಎಸ್ 14458 ಎಂಬ ಮಾರ್ಗಸೂಚಿಯನ್ನು ಪ್ರಕಟಿಸಿದೆ; ನಿಮ್ಮ ಇಂಜಿನಿಯರು ಅದನ್ನು ಅನುಸರಿಸಿದ್ದಾರೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ನೀರಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ನಾನು ಕಂಡಿರುವ ಬಿದ್ದ ಗೋಡೆಗಳಲ್ಲಿ ಬಹುಪಾಲು ಬಿದ್ದದ್ದು ಕಲ್ಲು ಸಾಲದೆ ಅಲ್ಲ, ಹಿಂದಿನ ನೀರಿಗೆ ದಾರಿಯಿಲ್ಲದೆ. ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ಸಮತಟ್ಟಾದ, ಒಣಗಿದ ಸಾಮಾನ್ಯ ಮಣ್ಣಿದ್ದರೆ ಅದು ಗೋಡೆಯ ಪ್ರತಿ ಮೀಟರ್ ಉದ್ದವನ್ನು ಸುಮಾರು 2.7 ಟನ್ ಬಲದಿಂದ ತಳ್ಳುತ್ತದೆ. ಅದೇ ಮಣ್ಣಿನಲ್ಲಿ ಮೇಲಿನವರೆಗೂ ನೀರು ತುಂಬಿ ನಿಂತರೆ, ಮಣ್ಣು ಮತ್ತು ನೀರು ಎರಡೂ ಸೇರಿ ತಳ್ಳುವ ಬಲವು 6 ಟನ್ನಿಗೆ ಏರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬೇಸಿಗೆಯಲ್ಲಿ ಗಟ್ಟಿಮುಟ್ಟಾಗಿ ಕಾಣುವ ಬರೆಯನ್ನು ಆಗಸ್ಟ್ ತಿಂಗಳ ಬರೆಯೆಂದು ಭಾವಿಸಿಯೇ ಲೆಕ್ಕ ಹಾಕಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಮೊಣ್ಣಂಗೇರಿಯ ಗುಡ್ಡಗಳು ಜಾರಿದ್ದನ್ನು ನೀವು ಕಣ್ಣಾರೆ ಕಂಡವರು. ಆ ದುರಂತದ ನಂತರ ಅಧ್ಯಯನ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು, ವಿಪರೀತ ಮಳೆಯ ಜೊತೆಗೆ ರಸ್ತೆ ಮತ್ತು ಮನೆಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದನ್ನೂ ಮುಖ್ಯ ಕಾರಣವೆಂದು ಗುರುತಿಸಿದ್ದರು. ಕಾರಿಗಾಗಿ ಕಡಿದ ಬರೆಗೆ ಬೇರೆ ನ್ಯಾಯವೇನೂ ಇರುವುದಿಲ್ಲ.

ಕಡಿಯದೆಯೇ ಶೆಡ್ಡು ಕಟ್ಟುವ ದಾರಿ ನಿಮಗಿದೆ ಎಂಬುದು ನನ್ನ ಅಭಿಪ್ರಾಯ. ನಕ್ಷೆಯಲ್ಲಿ ಗೇಟಿನ ಬಳಿ ಕಾಫಿ ಒಣಗಿಸುವ ಕಣವನ್ನು ತೋರಿಸಿದ್ದೀರಿ. ಆ ಕಣವು ಮಟ್ಟವಾಗಿದೆ, ಬರೆಯಿಂದ ದೂರವಿದೆ, ಗಟ್ಟಿ ನೆಲದ ಮೇಲಿದೆ. ಕೊಯ್ಲಿನ ತಿಂಗಳುಗಳಲ್ಲಿ ಅದರ ಒಂದು ಮೂಲೆ ಕಡಿಮೆಯಾದರೆ ಆಗುವ ತೊಂದರೆಯನ್ನೂ, ಬರೆ ಕುಸಿದರೆ ಆಗುವ ನಷ್ಟವನ್ನೂ ತೂಗಿ ನೋಡಿ. ಕಬ್ಬಿಣದ ಕಂಬ ಮತ್ತು ತಗಡಿನ ಮಾಡಿನ ಹಗುರ ಶೆಡ್ಡು ಅಲ್ಲಿ ಧಾರಾಳವಾಗಿ ಸಾಕು. ಮನೆಯಿಂದ 30 ಮೀಟರ್ ದೂರವಾಗುತ್ತದೆ, ಮಳೆಯಲ್ಲಿ ವಯಸ್ಸಾದ ತಾಯಿಯವರು ನಡೆಯಬೇಕಾಗುತ್ತದೆ ಎಂದು ಬರೆದಿದ್ದೀರಿ. ಆ ಕಾಳಜಿ ನ್ಯಾಯವಾದದ್ದೇ. ಆದರೆ ಅದಕ್ಕೆ ಕಾಲುದಾರಿಯ ಮೇಲೆ ಒಂದು ಮಾಡು ಹೊದಿಸಿ, ಕೈಹಿಡಿಕೆ ಹಾಕಿಸಿದರೆ ಆಗುತ್ತದೆ. ಅದರ ಖರ್ಚು ಸರಿಯಾದ ತಡೆಗೋಡೆಯ ಖರ್ಚಿನ ಒಂದು ಸಣ್ಣ ಅಂಶವಷ್ಟೆ.

ಅನಿವಾರ್ಯವಾಗಿ ಬರೆಯ ಪಕ್ಕದಲ್ಲಿಯೇ ಕಟ್ಟಬೇಕೆಂದಾದರೆ ಕೆಲವು ಷರತ್ತುಗಳನ್ನು ಬಿಡುವಂತಿಲ್ಲ. ಕೆಲಸವು ಡಿಸೆಂಬರಿನಲ್ಲಿ ಆರಂಭವಾಗಿ ಏಪ್ರಿಲ್ ಮುಗಿಯುವುದರೊಳಗೆ ಗೋಡೆ ಮತ್ತು ಚರಂಡಿ ಸಮೇತ ಪೂರ್ಣಗೊಳ್ಳಬೇಕು. ಮಣ್ಣು ಕಡಿದು, ಹಣ ಸಾಲದೆ, ಗೋಡೆಯನ್ನು ಮುಂದಿನ ವರ್ಷಕ್ಕೆ ಬಿಡುವುದಕ್ಕಿಂತ ದೊಡ್ಡ ಅಪಾಯವಿಲ್ಲ. ಇಡೀ 20 ಅಡಿಯನ್ನು ಒಮ್ಮೆಗೇ ಕಡಿಯದೆ, ಆರೇಳು ಅಡಿಯ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ, ಮೇಲಿನಿಂದ ಕೆಳಕ್ಕೆ ಕಡಿಯಬೇಕು ಮತ್ತು ಒಂದು ತುಂಡಿನ ಗೋಡೆ ಎದ್ದ ಮೇಲೆಯೇ ಪಕ್ಕದ ತುಂಡಿಗೆ ಕೈ ಹಾಕಬೇಕು. ಬುಡವನ್ನು ಕೊರೆದು ಮೇಲಿನ ಮಣ್ಣು ತಾನಾಗಿ ಉದುರಲೆಂದು ಬಿಡುವ ಅಭ್ಯಾಸವು ಎಷ್ಟೋ ಕೂಲಿಕಾರರ ಪ್ರಾಣ ತೆಗೆದಿದೆ, ಅದಕ್ಕೆ ಯಾವ ಕಾರಣಕ್ಕೂ ಅವಕಾಶ ಕೊಡಬೇಡಿ. ಒಟ್ಟು ಎತ್ತರವು 20 ಅಡಿಯ ಹತ್ತಿರ ಬರುವುದಾದರೆ ನಡುವೆ ಕನಿಷ್ಠ ಐದಡಿ ಅಗಲದ ಮೆಟ್ಟಿಲೊಂದನ್ನು ಬಿಟ್ಟು ಎರಡು ಹಂತಗಳಲ್ಲಿ ಕಡಿಯಬೇಕಾಗುತ್ತದೆ, ಅದಕ್ಕೆ ನೆರೆಯವರ ಜಾಗವೂ ಬೇಕಾಗಬಹುದು. ಕಡಿದ ಮಣ್ಣನ್ನು ಬರೆಯ ತಲೆಯ ಮೇಲಾಗಲಿ ಕೆಳಗಿನ ತೋಡಿನ ದಂಡೆಗಾಗಲಿ ಸುರಿಯಬಾರದು.

ಗೋಡೆಯ ಪಾಯವು ಶೆಡ್ಡಿನ ನೆಲಕ್ಕಿಂತ ಎರಡು ಮೂರು ಅಡಿ ಕೆಳಗೆ, ಗಟ್ಟಿ ಮಣ್ಣಿನಲ್ಲಿ ಕೂರಬೇಕು. ಗೋಡೆಯ ಬೆನ್ನಿಗೆ ಒಂದಡಿ ದಪ್ಪಕ್ಕೆ ಜಲ್ಲಿ ತುಂಬಿ, ಜಲ್ಲಿ ಮತ್ತು ಮಣ್ಣಿನ ನಡುವೆ ಸೋಸುವ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಹಾಸಬೇಕು. ಬಟ್ಟೆಯಿಲ್ಲದಿದ್ದರೆ ಕೆಲವು ಮಳೆಗಾಲಗಳಲ್ಲಿ ನುಣ್ಣನೆಯ ಮಣ್ಣು ಬಂದು ಜಲ್ಲಿಯ ಸಂದುಗಳನ್ನು ಮುಚ್ಚಿಬಿಡುತ್ತದೆ. ಬುಡದಲ್ಲಿ ತೂತಿನ ಪೈಪೊಂದನ್ನು ಇಳಿಜಾರಾಗಿ ಮಲಗಿಸಿ ಅದರ ಬಾಯನ್ನು ಚರಂಡಿಗೆ ಬಿಡಬೇಕು. ಗೋಡೆಯಲ್ಲಿ ಮೂರು ನಾಲ್ಕು ಇಂಚಿನ ಪೈಪುಗಳನ್ನು ಸುಮಾರು ಐದಡಿಗೊಂದರಂತೆ, ಸಾಲಿನಿಂದ ಸಾಲಿಗೆ ಸ್ಥಾನ ಬದಲಿಸಿ ಇಡಬೇಕು. ಬರೆಯ ನೆತ್ತಿಯಿಂದ ಏಳೆಂಟು ಅಡಿ ಹಿಂದಕ್ಕೆ ಸಿಮೆಂಟಿನ ಒಳಮೈ ಇರುವ ಕಾಲುವೆಯನ್ನು ಮಾಡಿ ತೋಟದ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಬರಿಯ ಮಣ್ಣಿನ ಕಾಲುವೆಯನ್ನು ಅಂಚಿನಲ್ಲಿಯೇ ತೋಡಿದರೆ ಅದು ನೀರನ್ನು ಹೊರಗೆ ಸಾಗಿಸುವ ಬದಲು ಗುಡ್ಡದ ಹೊಟ್ಟೆಗೇ ಇಳಿಸುತ್ತದೆ.

ಶೆಡ್ಡಿನ ಗೋಡೆ ಮತ್ತು ತಡೆಗೋಡೆ ಒಂದೇ ಆಗಿರಬಾರದು. ಎರಡರ ನಡುವೆ ಒಬ್ಬರು ನಡೆದು ಕಸ ತೆಗೆಯಲು, ಬಿರುಕು ನೋಡಲು ಆಗುವಂತೆ ಮೂರಡಿ ಜಾಗ ಬಿಡಬೇಕು. ಮಾಡಿನ ಭಾರವನ್ನು ತಡೆಗೋಡೆಯ ಮೇಲೆ ಹೊರಿಸಬಾರದು. ಇವೆಲ್ಲವನ್ನೂ ಕೂಡಿಸಿದಾಗ 12 ಅಡಿಯ ಶೆಡ್ಡಿಗಾಗಿ 20 ಅಡಿ ಕಡಿಯಬೇಕಾಗುತ್ತದೆ, ಆಗ ಬರೆ ಇನ್ನೂ ಎತ್ತರವಾಗುತ್ತದೆ. ಕಡಿದಷ್ಟೂ ಜಾಗವನ್ನು ಗೋಡೆಯೇ ನುಂಗುತ್ತದೆ. ನಾನು ಕಣದ ಮೂಲೆಯನ್ನು ಸೂಚಿಸಿದ್ದು ಇದೇ ಕಾರಣಕ್ಕೆ.

ಕಾನೂನಿನ ಮಾತೊಂದು ಉಳಿದಿದೆ. ನೆರೆಯವರ ತೋಟಕ್ಕೆ ನಿಮ್ಮ ಗುಡ್ಡವು ಸಹಜವಾಗಿ ಕೊಡುತ್ತಿರುವ ಆಧಾರವನ್ನು ಕಿತ್ತುಹಾಕುವಂತಿಲ್ಲ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯು ಈ ಹಕ್ಕನ್ನು ಉದಾಹರಣೆ ಸಮೇತ ಹೇಳುತ್ತದೆ. ಆ ಕಾಯ್ದೆಯು ಮೊದಲಿಗೆ ಜಾರಿಗೆ ಬಂದ ಕೆಲವೇ ಪ್ರಾಂತ್ಯಗಳಲ್ಲಿ ಕೊಡಗೂ ಒಂದಾಗಿತ್ತು. ಆದ್ದರಿಂದ ನೆರೆಯವರನ್ನು ಮೊದಲೇ ಕೂರಿಸಿಕೊಂಡು ಮಾತನಾಡಿ, ಮೇಲ್ಗಾಲುವೆಗೆ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಗ್ರಾಮ ಪಂಚಾಯಿತಿಯ ಅನುಮತಿಯ ಜೊತೆಗೆ, ಮಣ್ಣು ಅಗೆತದ ಮೇಲೆ ಜಿಲ್ಲಾಡಳಿತದ ನಿರ್ಬಂಧವೇನಾದರೂ ಇದೆಯೇ ಎಂಬುದನ್ನೂ ವಿಚಾರಿಸಿ.

ಪ್ರಶ್ನೆ: ನಾವು ಕೊಪ್ಪ ತಾಲ್ಲೂಕಿನವರು. ನಮ್ಮ ಮನೆ ರಸ್ತೆಗಿಂತ ಕೆಳಗಿದೆ. ರಸ್ತೆಯ ಮಟ್ಟದಲ್ಲಿಯೇ ಕಾರು ನಿಲ್ಲಿಸಲು, ಧರೆಯ ಅಂಚಿನಲ್ಲಿ ಕೆಳಗಿನಿಂದ ಗೋಡೆ ಕಟ್ಟಿಸಿ ಮಣ್ಣು ತುಂಬಿಸುವುದೋ, ಕಂಬಗಳ ಮೇಲೆ ಸ್ಲ್ಯಾಬ್ ಹಾಕಿಸುವುದೋ? ಮಣ್ಣು ತುಂಬಿಸುವುದು ಅಗ್ಗವೆಂದು ಎಲ್ಲರೂ ಹೇಳುತ್ತಾರೆ.

ಉತ್ತರ: ಕಂಬಗಳ ಮೇಲಿನ ಸ್ಲ್ಯಾಬನ್ನೇ ಆರಿಸಿಕೊಳ್ಳಿ. 20 ಅಡಿ ಉದ್ದ, 12 ಅಡಿ ಅಗಲದ ಜಾಗಕ್ಕೆ ಸರಾಸರಿ ಐದಡಿ ಮಣ್ಣು ತುಂಬಿಸಿದರೆ ಧರೆಯ ತಲೆಯ ಮೇಲೆ ಸುಮಾರು 58 ಟನ್ ಭಾರ ಹೇರಿದಂತಾಗುತ್ತದೆ. ಅದೇ ಅಳತೆಯ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಸ್ಲ್ಯಾಬಿನ ತೂಕ 8 ಟನ್ ಮಾತ್ರ. ನಿಮ್ಮ ಕಾರು ಒಂದೂವರೆ ಟನ್ ಮೀರಲಾರದು. ಕಾರಿನ ಭಾರಕ್ಕೆ ಧರೆ ತಡೆಯುತ್ತದೆಯೇ ಎಂದು ಕೇಳಿದ್ದೀರಿ. ಚಿಂತಿಸಬೇಕಾದದ್ದು ಕಾರಿಗಾಗಿ ತಂದು ಸುರಿಯುವ ಮಣ್ಣಿನ ಭಾರದ ಬಗ್ಗೆ. ಅದಲ್ಲದೆ ಟಿಪ್ಪರಿನಿಂದ ಸುರಿದು ಹಾಗೆಯೇ ಬಿಟ್ಟ ಮಣ್ಣು ಮೊದಲ ಮಳೆಗಾಲದಲ್ಲಿಯೇ ಕುಗ್ಗಿ, ಅದರ ಮೇಲಿನ ನೆಲ ಬಿರಿಯುತ್ತದೆ, ಆ ಬಿರುಕಿನಿಂದ ನೀರು ಇಳಿದು ಗೋಡೆಯನ್ನು ತಳ್ಳಲಾರಂಭಿಸುತ್ತದೆ.

ಕಂಬಗಳ ಪಾಯದಲ್ಲಿ ಎಚ್ಚರ ಬೇಕು. ರಸ್ತೆ ಮಾಡುವಾಗ ಅಂಚಿಗೆ ತಳ್ಳಿದ ಸಡಿಲ ಮಣ್ಣು ಅಲ್ಲಿ ಎಷ್ಟು ಆಳವಿದೆ ಎಂಬುದು ಗುಂಡಿ ತೋಡಿ ನೋಡಿದರಷ್ಟೇ ತಿಳಿಯುತ್ತದೆ. ಪಾಯವು ಆ ಪದರವನ್ನು ದಾಟಿ ಅಸಲಿನ ಗಟ್ಟಿ ನೆಲವನ್ನು ಮುಟ್ಟಬೇಕು. ತಳಪಾಯಗಳಿಗೆ ಸಂಬಂಧಿಸಿದ ಐಎಸ್ 1904 ಮಾನಕದ ಪ್ರಕಾರ, ಪಾಯದ ಕೆಳ ಅಂಚಿನಿಂದ ಇಳಿಜಾರಿನ ಮೈವರೆಗಿನ ಅಡ್ಡ ಅಂತರವು ಮಣ್ಣಿನಲ್ಲಿ ಕನಿಷ್ಠ 90 ಸೆಂಟಿಮೀಟರ್, ಬಂಡೆಯಲ್ಲಿ 60 ಸೆಂಟಿಮೀಟರ್ ಇರಬೇಕು ಮತ್ತು ಮಣ್ಣಿನಲ್ಲಿ ಆ ಅಂಚಿನಿಂದ 30 ಡಿಗ್ರಿ ಓರೆಯಲ್ಲಿ ಕೆಳಕ್ಕೆ ಎಳೆದ ಗೆರೆಯು ಎಲ್ಲಿಯೂ ಇಳಿಜಾರಿನಿಂದ ಹೊರಗೆ ಬರಬಾರದು. ನಿಮ್ಮ ಧರೆಯು 30 ಡಿಗ್ರಿಗಿಂತ ಕಡಿದೇ ಎಂಬುದನ್ನು ಮೇಸ್ತ್ರಿಗಳ ಟ್ಯೂಬ್ ಲೆವೆಲ್‌ನಿಂದಲೇ ತಿಳಿಯಬಹುದು: ಅಡ್ಡಲಾಗಿ 10 ಅಡಿ ಸಾಗಿದಾಗ ನೆಲವು ಐದು ಮುಕ್ಕಾಲು ಅಡಿಗಿಂತ ಹೆಚ್ಚು ತಗ್ಗಿದರೆ ಅದು ಕಡಿದಾದ ಧರೆ. ಅಂಥಲ್ಲಿ ಸಾಮಾನ್ಯ ಪಾಯವು ಆ ಷರತ್ತನ್ನು ಪೂರೈಸಲಾರದು. ಮಣ್ಣಿನ ಪರೀಕ್ಷೆ ಮಾಡಿಸಿ, ಭೂತಾಂತ್ರಿಕ ಇಂಜಿನಿಯರರ ವಿನ್ಯಾಸವನ್ನು ಪಡೆಯದೆ ಮುಂದುವರಿಯಬಾರದು.

ಸ್ಲ್ಯಾಬಿನ ವಿನ್ಯಾಸದಲ್ಲಿ, ಎರಡೂವರೆ ಟನ್‌ವರೆಗಿನ ವಾಹನಗಳಿಗೆ ಪ್ರತಿ ಚದರ ಮೀಟರಿಗೆ ಸುಮಾರು 250 ಕಿಲೋಗ್ರಾಂ ಹಾಗೂ ಯಾವುದೇ ಒಂದು ಬಿಂದುವಿನಲ್ಲಿ ಸುಮಾರು 900 ಕಿಲೋಗ್ರಾಂ ಭಾರವನ್ನು ಹಿಡಿಯಬೇಕೆಂದು ಐಎಸ್ 875 ಹೇಳುತ್ತದೆ. ಮನೆಯ ತಾರಸಿಯ ಲೆಕ್ಕದಲ್ಲಿ ಕಂಬಿ ಕಟ್ಟಿಸಿ ಕಾರು ಹತ್ತಿಸಬೇಡಿ. ಉದ್ದನೆಯ ಕಂಬಗಳನ್ನು ನಡುವಿನಲ್ಲಿ ತೊಲೆಗಳಿಂದ ಎರಡೂ ದಿಕ್ಕಿಗೆ ಕಟ್ಟಬೇಕು. ಧರೆಯ ಕಡೆಗೆ ಚಕ್ರ ತಡೆಯುವ ಕಾಂಕ್ರೀಟ್ ಕಟ್ಟೆ, ಅದರಾಚೆಗೆ ಬಲವಾದ ಕೈಪಿಡಿಗೋಡೆ, ಎರಡೂ ಬೇಕು. ಮಳೆಯಲ್ಲಿ ರಿವರ್ಸ್ ತೆಗೆಯುವಾಗ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿಹೋಗುವ ಸಾಧ್ಯತೆಯನ್ನು ಗಮನದಲ್ಲಿಟ್ಟುಕೊಂಡೇ ಅವನ್ನು ಕಟ್ಟಿಸಬೇಕು. ರಸ್ತೆಯ ಬದಿಯ ಚರಂಡಿಯನ್ನು ಮುಚ್ಚಿ ದಾರಿ ಮಾಡಿಕೊಂಡರೆ ರಸ್ತೆಯ ನೀರೆಲ್ಲ ನಿಮ್ಮ ಧರೆಗೇ ಬೀಳುವುದರಿಂದ, ಅಗಲವಾದ ಪೈಪು ಅಥವಾ ಮೋರಿ ಹಾಕಿಸಿ. ರಸ್ತೆಯ ಒಡೆತನವಿರುವ ಇಲಾಖೆಯ ಅನುಮತಿಯೂ ಬೇಕು. ಮಾಡಿನ ಅಳತೆ 25 ಚದರ ಮೀಟರ್ ಆದರೆ, 100 ಮಿಲಿಮೀಟರ್ ಮಳೆ ಬಿದ್ದ ದಿನ ಅದರಿಂದ 2,500 ಲೀಟರ್ ನೀರು ಇಳಿಯುತ್ತದೆ. ಅದನ್ನು ದೋಣಿಯಲ್ಲಿ ಹಿಡಿದು, ಪೈಪಿನ ಮೂಲಕ ಧರೆಯ ಬುಡದಾಚೆಗೆ ಒಯ್ದು ಬಿಡಬೇಕು. ಬಯಲುಸೀಮೆಯಲ್ಲಿ ಪುಣ್ಯದ ಕೆಲಸವಾಗಿರುವ ಇಂಗುಗುಂಡಿಯು ಧರೆಯ ನೆತ್ತಿಯಲ್ಲಿ ಅಪಾಯಕಾರಿ. ಶೌಚಾಲಯದ ಇಂಗುಗುಂಡಿಗೂ ಇದೇ ಮಾತು.

ಪ್ರಶ್ನೆ: ಮಂಗಳೂರು ಹೊರವಲಯದ ನಮ್ಮ ಶೆಡ್ಡಿನ ಹಿಂದಿನ ಬರೆಗೆ ಪೂರ್ತಿ ಸಿಮೆಂಟ್ ಬಳಿಸಿದರೆ ಮಣ್ಣು ನಿಲ್ಲುತ್ತದೆಯೇ?

ಉತ್ತರ: ಇಲ್ಲ. ನಿಮ್ಮ ಭಾಗದಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರಡಿ ಬಿಳಿ ಅಥವಾ ಗುಲಾಬಿ ಛಾಯೆಯ ಶೇಡಿ ಮಣ್ಣು ಇರುವುದು ಸಾಮಾನ್ಯ. ಶೇಡಿಯು ಒಣಗಿದ್ದಾಗ ಗಟ್ಟಿ, ನೀರು ಕುಡಿದಾಗ ಶಕ್ತಿ ಕಳೆದುಕೊಳ್ಳುತ್ತದೆ. ಸಿಮೆಂಟಿನ ಲೇಪವು ಒಳಗಿನ ನೀರು ಹೊರಬರುವ ದಾರಿಯನ್ನು ಮುಚ್ಚಿ, ಬಿರುಕುಗಳು ಕಾಣದಂತೆಯೂ ಮಾಡುತ್ತದೆ. ಒಂದು ಮಳೆಗಾಲದ ಮಟ್ಟಿಗೆ ಟಾರ್ಪಾಲು ಹೊದಿಸುವುದು ಇದಕ್ಕಿಂತ ಮೇಲು. ಬರೆಯನ್ನು ಓರೆಯಾಗಿಸಿ, ನೀರಿಗೆ ದಾರಿ ಮಾಡಿ, ಲಾವಂಚವನ್ನು ಅಡ್ಡಸಾಲುಗಳಲ್ಲಿ ಒತ್ತಾಗಿ ನೆಡಿಸಿ; ಅದರ ಬೇರು ಎರಡು ಮೂರು ಮೀಟರ್ ಆಳಕ್ಕೆ ಇಳಿದು ಮೇಲ್ಪದರದ ಮಣ್ಣನ್ನು ಹಿಡಿಯುತ್ತದೆ. ಆಳದ ಜಾರುವಿಕೆಯನ್ನು ಹುಲ್ಲಾಗಲಿ ಮರವಾಗಲಿ ತಡೆಯಲಾರದು.

ಪ್ರಶ್ನೆ: ಎರಡು ವರ್ಷಗಳ ಹಿಂದೆ ಇಳಿಜಾರಿನ ಅಂಚಿನಲ್ಲಿ ಶೆಡ್ಡು ಕಟ್ಟಿಸಿದೆವು. ಈ ಮಳೆಗಾಲದಲ್ಲಿ ಅಂಚಿಗೆ ಸಮಾನಾಂತರವಾಗಿ ನೆಲದಲ್ಲಿ ಉದ್ದನೆಯ ಬಿರುಕು ಬಿಟ್ಟಿದೆ, ಶಟರ್ ಸಲೀಸಾಗಿ ಇಳಿಯುತ್ತಿಲ್ಲ. ಶೆಡ್ಡಿನ ಆಚೆ ಬದಿಗೆ ನಮ್ಮ ಮಲಗುವ ಕೋಣೆಯಿದೆ. ಬಿರುಕಿಗೆ ಸಿಮೆಂಟ್ ತುಂಬಿಸಿದರೆ ಸಾಕೇ?

ಉತ್ತರ: ಸಾಲದು. ಈ ಪತ್ರವು ನನ್ನ ಕೈಸೇರಿದ ದಿನವೇ ಸಂಪಾದಕರ ಮೂಲಕ ನಿಮಗೆ ದೂರವಾಣಿಯಲ್ಲಿ ತಿಳಿಸಿದ್ದನ್ನೇ, ಇತರರಿಗೂ ಉಪಯೋಗವಾಗಲೆಂದು, ಇಲ್ಲಿ ಬರೆಯುತ್ತಿದ್ದೇನೆ.

ಅಂಚಿಗೆ ಸಮಾನಾಂತರವಾದ ಬಿರುಕು ಎಂದರೆ ನೆಲದ ಒಂದು ಭಾಗವು ಇನ್ನೊಂದನ್ನು ಬಿಟ್ಟು ಕೆಳಗೆ ಸರಿಯಲು ತೊಡಗಿದೆ ಎಂದೇ ತಿಳಿಯಬೇಕು. ಶಟರ್ ಸಿಕ್ಕಿಕೊಳ್ಳುವುದು ಚೌಕಟ್ಟು ಓರೆಯಾಗಿರುವುದರ ಗುರುತು. ಇಳಿಜಾರಿನ ಕೆಳಗೆ ಹೋಗಿ, ಆದರೆ ಮಳೆ ಬಿಟ್ಟ ಹಗಲಿನಲ್ಲಿ ಮಾತ್ರ, ದೂರದಿಂದ ನೋಡಿ: ಮರಗಳು ಹೊಸದಾಗಿ ಓರೆಯಾಗಿವೆಯೇ, ಬುಡ ಉಬ್ಬಿದೆಯೇ, ಹಿಂದೆಂದೂ ಇಲ್ಲದ ಕಡೆ ಜಲ ಎದ್ದಿದೆಯೇ, ಹರಿಯುತ್ತಿದ್ದ ಒರತೆಯ ನೀರು ಕೆಂಪಾಗಿದೆಯೇ ಅಥವಾ ಹಠಾತ್ತನೆ ನಿಂತಿದೆಯೇ? ಇವುಗಳಲ್ಲಿ ಒಂದು ಕಂಡರೂ ಮನೆ ಬಿಟ್ಟು ಬೇರೆಡೆಗೆ ಹೋಗಿ.

ಕಾರನ್ನೂ ಶೆಡ್ಡಿನಲ್ಲಿ ಕೂಡಿಟ್ಟಿರುವ ಭಾರದ ವಸ್ತುಗಳನ್ನೂ ಹೊರಗೆ ತೆಗೆಸಿ. ಮಾಡಿನ ನೀರು ಬಿರುಕಿನ ಕಡೆಗೆ ಬಾರದಂತೆ ತಿರುಗಿಸಿ, ಬಿರುಕಿನ ಬಾಯಿಗೆ ಜೇಡಿಮಣ್ಣು ಒತ್ತಿ, ಮೇಲೆ ಟಾರ್ಪಾಲು ಹೊದಿಸಿ. ಇದು ಮಳೆಯ ನೀರು ಒಳಗಿಳಿಯದಿರಲೆಂದು ಮಾಡುವ ತಾತ್ಕಾಲಿಕ ಉಪಾಯ. ಬಿರುಕಿನ ಎರಡೂ ಬದಿಗೆ ಮೊಳೆ ಹೊಡೆದು, ನಡುವಿನ ಅಂತರವನ್ನು ದಿನಕ್ಕೆರಡು ಸಲ ಅಳೆದು, ತಾರೀಖು ಸಮೇತ ಬರೆದಿಡಿ. ಆ ಪಟ್ಟಿಯು ಮುಂದೆ ಬರುವ ಇಂಜಿನಿಯರಿಗೆ ನಿಮ್ಮ ಯಾವ ವಿವರಣೆಗಿಂತಲೂ ಹೆಚ್ಚು ಹೇಳುತ್ತದೆ. ಗ್ರಾಮ ಪಂಚಾಯಿತಿಗೂ ತಹಶೀಲ್ದಾರರಿಗೂ ಲಿಖಿತವಾಗಿ ತಿಳಿಸಿ, ಗಣಿ ಮತ್ತು ಭೂವಿಜ್ಞಾನ ಇಲಾಖೆಯವರ ಪರಿಶೀಲನೆಯನ್ನು ಕೋರಿ. ತುರ್ತಿಗೆ ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077. ಕೆಳಗಿನ ಮನೆಯವರಿಗೆ ಇಂದೇ ಹೇಳಿ. ದುರಸ್ತಿಯ ಮಾತು ಮಳೆಗಾಲ ಕಳೆದ ಮೇಲೆ. ಅಲ್ಲಿಯವರೆಗೆ ಆ ಬದಿಯ ಕೋಣೆಯಲ್ಲಿ ಯಾರೂ ಮಲಗಬೇಡಿ, ಅಂತರವು ಒಂದು ದಿನದಲ್ಲಿ ಕಣ್ಣಿಗೆ ಕಾಣುವಷ್ಟು ಹೆಚ್ಚಿದರೆ ರಾತ್ರಿಯಾಗುವುದಕ್ಕೆ ಮೊದಲೇ ಎಲ್ಲರೂ ಹೊರಟುಬಿಡಿ.